ಕೊನೆಯ ದಿನ ಬಂದ ಬಡಗಿ

ನನ್ನ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬ ಚೀಟಿಯನ್ನು ಅಂಗಡಿಯ ಗಾಜಿಗೆ ನಾನೇ ಅಂಟಿಸಿದೆ. ಇಪ್ಪತ್ತೆಂಟು ದಿನ ಜಾಹೀರಾತು ಹಾಕಿದರೂ ಈ ದೇಶದವರು ಯಾರೂ ಸಿಗಲಿಲ್ಲ ಎಂದು ತೋರಿಸಿದರೆ ಮಾತ್ರ, ಪರದೇಶದ ಬಡಗಿಯಾದ ನನ್ನ ಹೆಸರನ್ನು ಯಜಮಾನರು ಇಲ್ಲೇ ನೆಲೆಸುವ ವೀಸಾಕ್ಕೆ ಸೂಚಿಸಬಹುದಂತೆ. ಹಾಳಾದ ನಿಯಮ! ಏಳು ವರ್ಷದಿಂದ ಇಲ್ಲೇ ಮರದ ಪುಡಿ ಕುಡಿಯುತ್ತಿದ್ದೇನೆ. ಇದು ಮೂರನೆಯ ಅರ್ಜಿ. "ಇನ್ನೆಷ್ಟು ದಿನ ರೀ?" ಎಂದು ಫೋನಿನಲ್ಲಿ ಕೇಳುವುದನ್ನು ಹೆಂಡತಿಯೂ ಬಿಟ್ಟಿದ್ದಾಳೆ.

ಕೊನೆಯ ದಿನ ಒಬ್ಬ ಬಂದ. ಇದೇ ಊರಿನವನು, ಜಡ್ಡುಗಟ್ಟಿದ ಅಂಗೈ. ಯಜಮಾನರಿಗೆ ಉಳಿ ಹಿಡಿಯಲೂ ಬಾರದು.

"ನೀನೇ ಪರೀಕ್ಷೆ ಮಾಡಪ್ಪ, ಕೆಲಸ ಗೊತ್ತಿರೋನು ನೀನೊಬ್ನೇ," ಎಂದರು.

ಎರಡು ತುಂಡು ಮರ ಕೊಟ್ಟು, ಅಂಟಿಲ್ಲದೆ, ಮೊಳೆಯಿಲ್ಲದೆ ಜೋಡಿಸಲು ಹೇಳಿದೆ. ಅವನು ಕೊರೆದು, ಜೋಡಿಸಿ, ನನ್ನ ಕೈಗಿಟ್ಟ. "ನೋಡಿ ಅಣ್ಣಾ."

ಯಜಮಾನರು ನನ್ನ ಮುಖ ನೋಡಿದರು. "ಹೇಗಿದೆ?"

"ಸಡಿಲ," ಎಂದೆ.

ಅವನು ನನ್ನನ್ನೊಮ್ಮೆ ದಿಟ್ಟಿಸಿ ಹೊರಟುಹೋದ. ಯಾರೂ ಸಿಗಲಿಲ್ಲ ಎಂದು ಯಜಮಾನರು ಫಾರಂ ತುಂಬಿ ಸಹಿ ಹಾಕಿದರು.

ಆ ಮರವನ್ನು ಬಿಚ್ಚಿ ಬಿಸಾಡೋಣವೆಂದು ಸಂಜೆಯವರೆಗೂ ಎಳೆದೆ. ಬಿಚ್ಚಿಕೊಳ್ಳಲೇ ಇಲ್ಲ.