ಬಲಕ್ಕೆ ಎಳೆಯುವ ಗರಗಸ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಇಡೀ ಬೀದಿಗೆ ಗೊತ್ತು. ಗಿಟಾರ್ ರಿಪೇರಿಗೆ ತರುವವರು ಮೊದಲು ಬಾಗಿಲಲ್ಲಿ ನಿಂತು ನನ್ನ ತಂಗಿಗೆ ಸನ್ನೆ ಮಾಡಿ, "ಇವತ್ತು ಹೇಗಿದ್ದಾರೆ?" ಅಂತ ಕೇಳಿಕೊಂಡೇ ಒಳಗೆ ಬರುವುದು. ಬರಲಿ. ಕೋಪಕ್ಕೆ ನಾನು ಯಾವತ್ತೂ ನಾಚಿಕೆಪಟ್ಟವನಲ್ಲ. ನಾಚಿಕೆಪಡಬೇಕಾದದ್ದು ಬೇರೆಯೇ ಇತ್ತು. ಅದು ಒಂದು ಸಣ್ಣ ಗರಗಸ ಕೊಳ್ಳಲು ಹೋದ ದಿನ ಹೊರಗೆ ಬಿತ್ತು.

ನಮ್ಮದು ಗಿಟಾರ್ ಮಾಡುವ ಮನೆ. ಮುಂದಿನ ಕೋಣೆಯಲ್ಲಿ ತಂಗಿ ಗಿಟಾರುಗಳಿಗೆ ಗವಸು ಹೊಲಿಯುತ್ತಾಳೆ. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ನನ್ನ ಕೆಲಸದ ಮೇಜು. ಮೊದಲು ಅದು ಅಪ್ಪನದು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಗೆರೆಗಳಿರುತ್ತವಲ್ಲ, ಮೆಟ್ಟುಗಳು, ಅವು ಕೂರಲು ಮರದಲ್ಲಿ ಬಲು ಸಣ್ಣ ಸೀಳು ಕೊಯ್ಯಬೇಕು. ಸೀಳು ಅಗಲವಾದರೆ ಮೆಟ್ಟು ಎದ್ದು ಬರುತ್ತದೆ, ಸೊಟ್ಟಗಾದರೆ ಸ್ವರ ಕೆಡುತ್ತದೆ. ಅದಕ್ಕೆಂದೇ ಅಪ್ಪನ ಹತ್ತಿರ ಒಂದು ಪುಟ್ಟ ಗರಗಸವಿತ್ತು. ಗೇಣುದ್ದದ ತೆಳು ತಗಡು, ಬೆನ್ನಿಗೆ ಹಿತ್ತಾಳೆ ಪಟ್ಟಿ, ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣ ಹಲ್ಲು. "ಇದು ಯಾರ ಮಾತು ಕೇಳುತ್ತೋ ಅವರಿಗೆ ಕಿಟಕಿ ಪಕ್ಕದ ಜಾಗ" ಎನ್ನುತ್ತಿದ್ದ ಅಪ್ಪ.

ಅದು ನನ್ನ ಮಾತು ಕೇಳಿತು. ತಂಗಿಯ ಮಾತು ಕೇಳಲಿಲ್ಲ. ಅವಳಿಗೆ ಹದಿನೇಳು ವರ್ಷವಿದ್ದಾಗ ಅಪ್ಪ ಒಂದು ಮರದ ತುಂಡಿಗೆ ಚಾಕುವಿನಿಂದ ಗೆರೆ ಎಳೆದು, ಗರಗಸ ಕೊಟ್ಟು, ಕೊಯ್ಯಿ ಅಂದ. ಕೊಯ್ದಳು. ಸೀಳು ಗೆರೆಯ ಬಲಕ್ಕೆ ಸರಿಯಿತು. ಮತ್ತೆ ಕೊಯ್ದಳು, ಮತ್ತೆ ಬಲಕ್ಕೇ. "ಗರಗಸನೇ ಬಲಕ್ಕೆ ಎಳೀತದೆ ಅಪ್ಪಾ" ಅಂದಳು. ನಾನು ಪಕ್ಕದಲ್ಲಿ ನಿಂತಿದ್ದವನು, "ಗರಗಸಕ್ಕೇನು ಕಾಲು ಬಂದಿದ್ಯಾ?" ಅಂತ ನಕ್ಕೆ. ಆಗಲೇ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಹೆಬ್ಬೆರಳಿನ ಉಗುರಿನಿಂದ ಸೀಳನ್ನು ಸವರಿ ನೋಡಿ, "ನಿನ್ನ ಕೈಯಲ್ಲಿ ಇದು ಇಲ್ಲ ಮಗಳೇ" ಅಂದ. ಅಷ್ಟೇ. ಮಾರನೆಯ ವಾರ ಮುಂದಿನ ಕೋಣೆಗೆ ಹೊಲಿಗೆ ಯಂತ್ರ ಬಂತು. ಮೂವತ್ತೊಂದು ವರ್ಷದಿಂದ ಅವಳು ಅಲ್ಲೇ ಕೂತಿದ್ದಾಳೆ.

ಈಗ ಅವಳ ಮಗಳ ಸರದಿ. ಹುಡುಗಿಗೆ ಈ ಕೆಲಸದ ಹುಚ್ಚು. ಮರದ ಹೊಟ್ಟು ತಲೆಗೆಲ್ಲ ಮೆತ್ತಿಕೊಂಡು ಖುಷಿಯಾಗಿರುವ ಜಾತಿ. ಅವರಮ್ಮ, "ನಿಮ್ಮ ಮಾವ ಸೇರಿಸ್ಕೊಂಡ್ರೆ ಸರಿ, ಇಲ್ಲಾಂದ್ರೆ ಒಂದನೇ ತಾರೀಕಿಂದ ಔಷಧಿ ಅಂಗಡಿ ಕೆಲಸ" ಅಂತ ಕಡ್ಡಿ ಮುರಿದಂತೆ ಹೇಳಿದ್ದಳು. ಹೋದ ವಾರ ನಾನು ಅದೇ ಗರಗಸ ಕೊಟ್ಟು ಪರೀಕ್ಷೆ ಮಾಡಿದೆ. ಸೀಳು ಬಲಕ್ಕೆ ಸರಿಯಿತು.

"ಗರಗಸನೇ ಬಲಕ್ಕೆ ಎಳೀತದೆ ಮಾವ" ಅಂದಳು ಹುಡುಗಿ.

"ಗರಗಸಕ್ಕೇನು ಕಾಲು ಬಂದಿದ್ಯಾ?" ಅಂದೆ. ಅದೇ ಮಾತು, ಅದೇ ನಗು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ನಾನು ಹುಡುಗಿಗೆ, "ಔಷಧಿ ಅಂಗಡೀಲೂ ಮರ್ಯಾದೆ ಇರುತ್ತೆ, ಹೋಗು" ಅಂದುಬಿಟ್ಟೆ.

ಎರಡು ದಿನ ಕಳೆಯಿತೋ ಇಲ್ಲವೋ, ಗರಗಸ ಹಿಡಿಯ ಹತ್ತಿರ ಬಿರುಕು ಬಿಟ್ಟಿತು. ನನಗೆ ನನ್ನದೇ ಕೈಯೊಂದು ಮುರಿದಷ್ಟು ಸಂಕಟವಾಯಿತು. ಹೊಸದನ್ನು ಹೋಲಿಸಿ ನೋಡಲು ಹಳೆಯದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಾಗ ತಂಗಿ ತಲೆ ಎತ್ತದೆ, "ಅವಳನ್ನೂ ಕರ್ಕೊಂಡು ಹೋಗು. ಚೀಲ ಹಿಡ್ಕೊಳ್ಳೋಕಾದ್ರೂ ಕೈ ಆಗುತ್ತಲ್ಲ" ಅಂದಳು. ಮಾತು ಚುಚ್ಚಿತು, ಆದರೆ ಕೇಳಿಸದವನ ಹಾಗೆ ಚಪ್ಪಲಿ ಮೆಟ್ಟಿಕೊಂಡೆ.

ಹತಾರದ ಅಂಗಡಿಯಾಕೆ ನನ್ನ ಹಳೆಯ ಪರಿಚಯ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುವ, ಮಾತು ಕಡಿಮೆಯ ಹೆಂಗಸು. ಗಾಜಿನ ಪೆಟ್ಟಿಗೆಯಿಂದ ಐದು ಸಣ್ಣ ಗರಗಸ ತೆಗೆದು ಬಟ್ಟೆಯ ಮೇಲೆ ಸಾಲಾಗಿಟ್ಟಳು. ನಾನು ಜೇಬಿನಿಂದ ಮೆಟ್ಟಿನ ತುಂಡೊಂದನ್ನು ತೆಗೆದು ಒಂದೊಂದರ ತಗಡಿನ ದಪ್ಪಕ್ಕೆ ಹಿಡಿದು ನೋಡಿದೆ. ಎರಡು ದಪ್ಪ, ಅವುಗಳ ಸೀಳಿನಲ್ಲಿ ಮೆಟ್ಟು ಲೊಡಲೊಡ ಅಲ್ಲಾಡುತ್ತದೆ. ಇನ್ನೊಂದಕ್ಕೆ ಬೆನ್ನುಪಟ್ಟಿಯೇ ಇಲ್ಲ, ಒತ್ತಿದರೆ ಬಳುಕುತ್ತದೆ. ಉಳಿದದ್ದು ಎರಡು. ಒಂದು ದೂಡಿದಾಗ ಕೊಯ್ಯುವುದು, ಇನ್ನೊಂದು ಎಳೆದಾಗ ಕೊಯ್ಯುವುದು. ಆಕೆ ಒಂದು ಮರದ ತುಂಡನ್ನು ಮೇಜಿನ ಅಂಚಿನ ಇಕ್ಕಳಕ್ಕೆ ಸಿಕ್ಕಿಸಿ ಬಿಗಿದು, ಗೆರೆಗಳನ್ನು ಎಳೆದು, "ನೋಡಿ ಯಜಮಾನ್ರೇ" ಅಂದಳು.

ದೂಡುವುದನ್ನು ಹಿಡಿದು ಕೊಯ್ದೆ. ಸೀಳು ಗೆರೆ ಬಿಟ್ಟು ಎಡಕ್ಕೆ ಹೋಯಿತು.

"ಏನ್ರೀ ಇದು, ಸೊಟ್ಟ!" ಅಂದೆ. ಎಳೆಯುವುದನ್ನು ತೆಗೆದುಕೊಂಡೆ. ಅದೂ ಎಡಕ್ಕೆ. ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ವ್ಯಾಪಾರ ಮಾಡಿ ಕೊನೆಗೆ ಇಂಥ ಕಸ ಮಾರ್ತೀರಾ? ನಾನೇನು ನಿನ್ನೆ ಮೊನ್ನೆ ಗರಗಸ ಹಿಡಿದವನಾ?" ಪಕ್ಕದಲ್ಲಿ ಮೊಳೆ ಆರಿಸುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಅಂತಲೇ ನಾನು ದನಿ ಏರಿಸಿದ್ದು.

ಆಕೆ ಗರಗಸ ತೆಗೆದುಕೊಂಡು ಪಕ್ಕದ ಗೆರೆಯ ಮೇಲೆ ಕೊಯ್ದಳು. ನೆಟ್ಟಗೆ ಬಂತು. "ನೀನು ನೋಡಮ್ಮ" ಅಂತ ನಮ್ಮ ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಹೆಬ್ಬೆರಳನ್ನು ತಗಡಿಗೆ ಆನಿಸಿ, ಉಸಿರು ಬಿಗಿಹಿಡಿದು, ಆತುರಪಡದೆ ಕೊಯ್ದಳು. ಸೀಳಿನೊಳಗೆ ಚಾಕುವಿನ ಗೆರೆ ಹುಡುಕಿದರೂ ಕಾಣದ ಹಾಗೆ ಕೊಯ್ದಿದ್ದಳು. ಬೇರೆ ದಿನವಾಗಿದ್ದರೆ ಅಂಥ ಕೆಲಸಕ್ಕೆ ನಾನು ಬೆನ್ನು ತಟ್ಟುತ್ತಿದ್ದೆ.

"ಹಳೇದು ತಂದಿದ್ದೀರಲ್ಲ, ಕೊಡಿ" ಅಂದಳು ಅಂಗಡಿಯಾಕೆ. ಬಟ್ಟೆ ಬಿಚ್ಚಿ, ಕನ್ನಡಕ ಏರಿಸಿ, ಹಲ್ಲಿನ ಸಾಲನ್ನು ಬೆಳಕಿಗೆ ಹಿಡಿದಳು. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಸಮವಾಗಿ ಬಾಗಿಸಿರುತ್ತಾರೆ. ಎರಡೂ ಕಡೆ ಸಮ ಇದ್ದರೆ ಮಾತ್ರ ಅದು ನೇರ ಹೋಗುವುದು. "ಎಡಗಡೆ ಹಲ್ಲು ಸವೆಸಿಬಿಟ್ಟಿದ್ದಾರೆ ಯಜಮಾನ್ರೇ. ಯಾರೋ ಕಲ್ಲಿಗೆ ಉಜ್ಜಿರೋ ಹಾಗಿದೆ. ಅವತ್ತಿಂದ ಇದು ಬಲಕ್ಕೆ ಎಳೆಯೋ ಗರಗಸ. ನಿಮ್ಮ ಕೈ ಅದಕ್ಕೆ ಒಗ್ಗಿ, ಮಣಿಕಟ್ಟು ತಾನಾಗೇ ಎಡಕ್ಕೆ ಒತ್ತುತ್ತೆ. ಅದಕ್ಕೇ ಸರಿಯಾದ ಗರಗಸ ಕೊಟ್ರೆ ನಿಮ್ಮದು ಸೊಟ್ಟ." ಆಮೇಲೆ ಕೇಳಿದಳು: "ಯಾರು ಉಜ್ಜಿದ್ದು?"

ಯಾರು ಅಂತ ನನಗೆ ಗೊತ್ತಿತ್ತು. ತಂಗಿಯ ಪರೀಕ್ಷೆಗೆ ಆರು ತಿಂಗಳ ಮೊದಲು, ಅಪ್ಪ ಇಲ್ಲದಾಗ ಕದ್ದು ಅದನ್ನು ಹಿಡಿದು ನೆಲಕ್ಕೆ ಬೀಳಿಸಿದ್ದೆ. ನಾಲ್ಕಾರು ಹಲ್ಲು ಎಡಕ್ಕೆ ಎದ್ದು ನಿಂತವು. ಅಪ್ಪನ ಕೈಗೆ ಸಿಕ್ಕರೆ ನನ್ನ ಚರ್ಮ ಸುಲಿಯುತ್ತಾನೆ ಅಂತ ಹೆದರಿ, ಆ ಮಗ್ಗುಲನ್ನು ಉಳಿ ಮಸೆಯುವ ಕಲ್ಲಿಗೆ ಉಜ್ಜಿ ಸಮ ಮಾಡಿ ಗೂಟಕ್ಕೆ ತೂಗುಹಾಕಿದ್ದೆ. ಆ ಹೊತ್ತಿಗೇ ಅಪ್ಪನ ಕಣ್ಣು ಮಂಜಾಗಿ ಸೀಳಿನ ಕೆಲಸ ನನ್ನ ಪಾಲಿಗೆ ಬಂತು, ಕೈ ಒಗ್ಗಿತು, ಮರೆತೆ. ಪ್ರತಿ ವರ್ಷ ಹಲ್ಲು ಹರಿತ ಮಾಡಿ ಬಾಗಿಸುವಾಗಲೂ, ಮೊದಲು ಹೇಗಿತ್ತೋ ಹಾಗೇ ಇರಲಿ ಅಂತ, ನಾನು ಮಾಡಿದ ಎಡವಟ್ಟನ್ನೇ ಶ್ರದ್ಧೆಯಿಂದ ಮತ್ತೆ ಮತ್ತೆ ಮಾಡಿದೆ. ತಂಗಿ 'ಬಲಕ್ಕೆ ಎಳೀತದೆ' ಅಂದ ದಿನ ನನಗೆ ನೆನಪಾಗಿರಲಿಲ್ಲವೇ? ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಉಳಿ ಮಸೆಯುವ ಕಲ್ಲಿನ ಕಡೆಗೊಮ್ಮೆ ಕಣ್ಣು ಹೋಗಿತ್ತು. ಅದಕ್ಕೇ ಅಷ್ಟು ಜೋರಾಗಿ ನಕ್ಕಿದ್ದು.

"ಅಪ್ಪನ ಕಾಲದ್ದು" ಅಂದೆ ಅಂಗಡಿಯಾಕೆಗೆ. "ಅಪ್ಪನೇ ಏನೋ ಮಾಡಿರ್ಬೇಕು."

ಹೇಳಿದ ಮರುಕ್ಷಣ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸಿತು. ಸತ್ತವನ ತಲೆಗೆ ಕಟ್ಟಿದೆನಲ್ಲ! ಎಳೆದಾಗ ಕೊಯ್ಯುವ ಹೊಸ ಗರಗಸವನ್ನೇ ಆರಿಸಿ, ಕಾಗದದಲ್ಲಿ ಕಟ್ಟಿಸಿಕೊಂಡು, ಅಂಗಡಿಯಾಕೆಯ ಕಣ್ಣು ತಪ್ಪಿಸಿ ಹೊರಗೆ ಬಂದೆ.

ದಾರಿಯಲ್ಲಿ ಹುಡುಗಿ ಚೀಲ ಹಿಡಿದು ನನ್ನ ಹಿಂದೆಯೇ ಬಂದಳು. ಅವಳು ನೆಗೆದಾಡಿದ್ದರೆ, 'ನೋಡಿದ್ರಾ ಮಾವ' ಅಂತ ಹಂಗಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಂಚೆ ಪೆಟ್ಟಿಗೆಯ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: "ಅಜ್ಜ ಯಾಕೆ ಹಾಗ್ ಮಾಡಿದ್ರು ಮಾವ? ಅಷ್ಟು ಗೊತ್ತಿದ್ದವರು?"

ನನ್ನ ಕಾಲು ನಿಂತುಬಿಟ್ಟಿತು. "ಅಜ್ಜ ಅಲ್ಲಮ್ಮ" ಅಂದೆ. "ನಾನು." ಇದ್ದದ್ದನ್ನೆಲ್ಲ ಅಲ್ಲೇ ಬೀದಿಯಲ್ಲಿ ನಿಂತು ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗದೆ ಪೆಟ್ಟಿಗೆಯ ಮೇಲಿನ ವೇಳಾಪಟ್ಟಿಯನ್ನೇ ನೋಡುತ್ತಿದ್ದೆ. ಅವಳು ಬೈಯಲಿಲ್ಲ. "ಅಮ್ಮಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು" ಅಂದಳು. ಹತ್ತೊಂಬತ್ತರ ಹುಡುಗಿಯ ಮುಂದೆ ನಾನು ತಲೆಯಾಡಿಸಿದೆ.

ತಂಗಿ ಒಂದು ಕಪ್ಪು ಗವಸಿನ ಅಂಚು ಹೊಲಿಯುತ್ತಿದ್ದಳು. ಅವಳ ಹೊಲಿಗೆಯನ್ನು ಮೂವತ್ತೊಂದು ವರ್ಷದಿಂದ ದಿನಾ ನೋಡಿದ್ದೇನೆ, ಗೆರೆ ತಪ್ಪಿದ್ದನ್ನು ಒಂದು ದಿನವೂ ಕಂಡಿಲ್ಲ. ಅದು ಎಂಥ ಕೈ ಅಂತ ಆವತ್ತಿನ ತನಕ ನನ್ನ ಬುದ್ಧಿಗೆ ಹೊಳೆದಿರಲಿಲ್ಲ, ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ. ಬೀಳಿಸಿದ್ದು, ಉಜ್ಜಿದ್ದು, ನಕ್ಕಿದ್ದು, ಇವತ್ತು ಅಪ್ಪನ ಹೆಸರು ಹೇಳಿದ್ದು, ಎಲ್ಲ. ಅವಳು ಅಂಚು ಮುಗಿಯುವ ತನಕ ಹೊಲಿದಳು. ಆಮೇಲೆ ದಾರ ಕತ್ತರಿಸಿದಳು.

"ನಾನು ಅವತ್ತೇ ಹೇಳಿದ್ದೆ" ಅಂದಳು.

"ಹೌದು."

"ನೀನು ನಕ್ಕೆ."

"ಹೌದು ಕಣೇ. ನಂದು ತಪ್ಪು. ದೊಡ್ಡ ತಪ್ಪು."

"ನನ್ನ ಕೈಲೇ ಏನೋ ಐಬು ಅಂದ್ಕೊಂಡಿದ್ದೆ ಅಣ್ಣ. ಇವಳು ಹುಟ್ಟಿದಾಗ ಎತ್ಕೊಳ್ಳೋಕೂ ಹೆದರ್ತಿದ್ದೆ, ಎಲ್ಲಿ ಕೈ ತಪ್ಪುತ್ತೋ ಅಂತ."

ಏನಾದರೂ ಮಾಡಬೇಕಲ್ಲ ಅಂತ ಒಳಗೆ ಹೋಗಿ ಮರದ ತುಂಡು ತಂದೆ, ಅಪ್ಪನ ಹಾಗೆ ಚಾಕುವಿನಿಂದ ಗೆರೆ ಎಳೆದೆ, ಕಾಗದ ಬಿಚ್ಚಿ ಹೊಸ ಗರಗಸವನ್ನು ಅವಳ ಮುಂದೆ ಹಿಡಿದೆ. "ಒಂದ್ಸಲ ಕೊಯ್ದು ನೋಡು."

ಕೈ ಒರೆಸಿಕೊಂಡು ತೆಗೆದುಕೊಂಡಳು. ಗೆರೆಯ ಮೇಲೆ ಇಟ್ಟು, ಹೆಬ್ಬೆರಳಿನ ಉಗುರನ್ನು ತಗಡಿಗೆ ಆನಿಸಿದಳು, ಅಪ್ಪ ಹೇಳಿಕೊಟ್ಟ ಹಾಗೇ. ಮರೆತಿರಲಿಲ್ಲ. ಹುಡುಗಿ ಬಗ್ಗಿ ನೋಡಿದಳು. ನಾನೂ ಬಗ್ಗಿದೆ. ತಂಗಿ ಎಳೆಯಲಿಲ್ಲ. ಗರಗಸವನ್ನು ಎತ್ತಿಬಿಟ್ಟಳು.

"ಬೇಡ ಅಣ್ಣ" ಅಂದಳು. "ನೆಟ್ಟಗೆ ಬಂದ್ಬಿಟ್ರೆ ಈಗ ನಾನೇನ್ ಮಾಡ್ಲಿ?"

ಗರಗಸವನ್ನು ಮಗಳ ಕೈಗೆ ಕೊಟ್ಟಳು. "ಹೋಗು, ಕಿಟಕಿ ಪಕ್ಕ ಕೂತ್ಕೋ. ಅಲ್ಲಿ ಬೆಳಕು ಚೆನ್ನಾಗಿದೆ." ಹುಡುಗಿ ಕದಲದೆ ನನ್ನ ಕಡೆ ನೋಡಿದಳು. ನಾನು ಒಳಗೆ ಹೋಗಿ ಮೇಜಿನ ಮೇಲಿದ್ದ ನನ್ನ ಕನ್ನಡಕವನ್ನೂ ಚಹಾದ ಲೋಟವನ್ನೂ ಎತ್ತಿಕೊಂಡೆ.