ಎರಡು ಪುಟದ ಫೋಟೊ

ಭಾನುವಾರ ಹುಮನಾಬಾದಿನಿಂದ ಬಂದು ಪತ್ರಿಕೆಯ ಫೋಟೊವನ್ನು ತನ್ನ ಫೋನಿನಲ್ಲೇ ತೋರಿಸುತ್ತೇನೆ ಎಂದು ಮಗಳು ಸರಿತಾ ಹೇಳಿದ್ದಳು. ಔಷಧ ಕಾರ್ಖಾನೆಯಲ್ಲಿ ಅವಳಿಗೆ ರಜೆ ಸಿಗುವುದು ಅಂದೇ. ಆದರೆ ಸುಂದರಬಾಯಿಗೆ ಬುಧವಾರವೇ ಮೈಮೇಲೆ ಇರುವೆ ಬಿಟ್ಟಂತಾಗಿತ್ತು. ನಾರಾಯಣಪುರದಿಂದ ಟಂಟಂ ಆಟೊ ಹತ್ತಿ ಬಸವಕಲ್ಯಾಣಕ್ಕೆ ಬಂದವಳೇ, ಅಸ್ಗರಿ ಎಂಬ ಹುಡುಗಿ ಕಂಪ್ಯೂಟರ್ ಇಟ್ಟುಕೊಂಡಿದ್ದ ಆನ್‌ಲೈನ್ ಅಂಗಡಿಗೆ ನುಗ್ಗಿ, ಪತ್ರಿಕೆಯ ಹೆಸರು ಬರೆಸಿ ತಂದಿದ್ದ ಚೀಟಿ ಮುಂದೆ ಹಿಡಿದಳು.

"ಬೇಟಿ, ಇದು ಕಾಗದದಾಗ ಬರಂಗಿಲ್ಲಂತ, ಕಂಪ್ಯೂಟರಿನಾಗೇ ಬರ್ತದಂತ. ನಮ್ಮ ಗುಡಿ ಫೋಟೊ ಅದ. ಲಗೂನ ತೋರ್ಸು."

ಗುಡಿಯೇನು ಅವಳಿಗೆ ಹೊಸದೆ? ದಿನಾ ಅದರ ಮುಂದೆಯೇ ಹಾದು ಕೂಲಿಗೆ ಹೋಗುವವಳು. ಬೇಕಾಗಿದ್ದು ಗುಡಿಯ ಕಟ್ಟೆಯ ಮೇಲೆ ಕೂತ ಗಂಡ ಜ್ಞಾನೇಶ್ವರ. ಫೋಟೊ ತೆಗೆದ ನಾಲ್ಕನೆಯ ದಿನ ಅವನು ಹೊಲದ ಬದುವಿನಲ್ಲಿ ಎದೆ ಹಿಡಿದು ಕುಸಿದು ಹೋಗಿದ್ದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಶುದ್ಧ ಸುಳ್ಳು. ಕೇಳದೆ ಆಡು ಮಾರಿ ಬಂದನೆಂದು ಸುಂದರಬಾಯಿ ಎಂಟು ದಿನ ಉಂಡು ಮಲಗಿಯೂ ಅವನೊಡನೆ ಮಾತಾಡಿರಲಿಲ್ಲ. ಒಂಬತ್ತನೆಯ ದಿನ ಅವನೇ ಇರಲಿಲ್ಲ. ಗುಡಿಯ ಫೋಟೊ ತೆಗೆಯಲು ಬಂದ ಪತ್ರಿಕೆಯವರು ಕಟ್ಟೆಯ ಮೇಲೆ ಇಬ್ಬರನ್ನೂ ಕೂಡಿಸಿದಾಗಲೂ ಅವಳು ಮೊಳ ದೂರ ಸರಿದು, ಮೊರದ ತೊಗರಿಯಲ್ಲೇ ಕಣ್ಣು ನೆಟ್ಟಿದ್ದಳು. ಆಗ ಅವನ ಮುಖ ಹೇಗಿತ್ತು? ಸಿಟ್ಟಿತ್ತೆ? ಮೂರು ತಿಂಗಳಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದುದು ಇದೊಂದೇ.

ಪತ್ರಿಕೆ ತೆರೆಯಿತು. ಮೊದಲು ಎಲ್ಲವೂ ಸಾಸಿವೆಯಷ್ಟು ಸಣ್ಣದು. ಅಸ್ಗರಿ ದೊಡ್ಡದು ಮಾಡಿದಳು. ಪರದೆಯ ತುಂಬ ಒಂದು ಮೊಣಕಾಲು ಬಂತು.

"ಮೊಣಕಾಲು ನೋಡಾಕ ಬಂದಿಲ್ಲವ್ವ ನಾ!"

"ಸಬೂರ್ ಮಾಡ್ರಿ ಮೌಸಿ, ಪರದಾಕ್ಕ ಕೂಡಸ್ತೀನಿ."

ಒಂದು ಪುಟ ಸರಿಯಾಗಿ ಕೂತಿತು. ಅದರಲ್ಲಿ ಜ್ಞಾನೇಶ್ವರ ಒಬ್ಬನೇ. ಕತ್ತು ಬಲಕ್ಕೆ ತಿರುಗಿಸಿ ಪುಟದ ಆಚೆ ಎಲ್ಲೋ ನೋಡುತ್ತಿದ್ದ. ಸುಂದರಬಾಯಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅಸ್ಗರಿ ಕೆಳಗೆ ಸರಿಸಿದಳು. ಮುಂದಿನ ಪುಟದಲ್ಲಿ ಮೊರ ಹಿಡಿದ ಅವಳು.

"ರಸ್ತಾ ನೋಡಾಕತ್ತಾರ. ನನ್ನ ಮಾರಿ ನೋಡೂದೂ ಬ್ಯಾಡಾಗಿತ್ತು ಅವರಿಗಿ," ಎಂದು ಅವಳು ಎದ್ದೇಬಿಟ್ಟಳು. "ಬ್ಯಾರೆ ಬ್ಯಾರೆ ಹಾಕ್ಯಾರ, ಚಲೋ ಮಾಡ್ಯಾರ."

"ಕೂಡ್ರಿ! ಇದು ಒಂದೇ ಫೋಟೊ. ಎರಡು ಹಾಳಿ ಮ್ಯಾಲ ಹರವ್ಯಾರ. ನೋಡ್ರಿ, ಕಟ್ಟಿ ನಡು ಕಡದದ. ಜೋಡಿ ಮಾಡಿ ನೋಡಬೇಕು."

ಅಸ್ಗರಿ ಒತ್ತಿದಳು. ಎರಡು ಪುಟ ಒಟ್ಟಿಗೆ ಬಂದವು. ಗಂಡನ ಪಕ್ಕದಲ್ಲಿ ಕೂದಲೆಣ್ಣೆಯ ಜಾಹೀರಾತಿನ ಹುಡುಗಿ ಹಲ್ಲು ಕಿಸಿಯುತ್ತಿದ್ದಳು.

"ಈಕಿ ಯಾರವ್ವ?"

ಅಸ್ಗರಿಗೆ ನಗು ತಡೆಯಲಾಗಲಿಲ್ಲ. "ಮುಖಪುಟ ಒಂಟಿ ಇರಬೇಕ್ರಿ ಮೌಸಿ. ಅದನ್ನೂ ಜೋಡಿಗಿ ಹಿಡದದ, ಅದರ ಮುಂದಿನವು ಎಲ್ಲಾ ಜೋಡಿ ತಪ್ಪ್ಯಾವ." ಇನ್ನೊಂದು ಕಡೆ ಒತ್ತಿದಳು. ಎಣ್ಣೆಯ ಹುಡುಗಿ ಮಾಯವಾದಳು. ಜ್ಞಾನೇಶ್ವರ ಎಡಕ್ಕೆ ಸರಿದ, ಸುಂದರಬಾಯಿ ಬಲಕ್ಕೆ ಬಂದಳು, ಕಡಿದ ಕಟ್ಟೆ ಕೂಡಿಕೊಂಡಿತು.

ಅವನು ನೋಡುತ್ತಿದ್ದುದು ರಸ್ತೆಯನ್ನಲ್ಲ, ಅವಳನ್ನು. ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ; ತಪ್ಪು ಮಾಡಿದವನ ಪೆಚ್ಚು ನಗು. ಅವನ ಕೈ ನೀರಿನ ತಂಬಿಗೆಯನ್ನು ಅವಳ ಕಡೆ ದೂಡಿತ್ತು. ಅರ್ಧ ತಂಬಿಗೆ ಅವನ ಪುಟದಲ್ಲಿ, ಅರ್ಧ ಅವಳ ಪುಟದಲ್ಲಿ. ತಂಬಿಗೆ ಅಷ್ಟು ಹತ್ತಿರ ಬಂದಿದ್ದರೂ ಅವಳು ತೊಗರಿಯಿಂದ ತಲೆ ಎತ್ತಿರಲಿಲ್ಲ.

ಹೊರಗೆ ನಾರಾಯಣಪುರದ ಟಂಟಂನವನು ಕೂಗಿದ.

"ಗಾಡಿ ಬಿಡಾಕತ್ತದ್ರಿ ಮೌಸಿ," ಎಂದಳು ಅಸ್ಗರಿ.

ಸುಂದರಬಾಯಿ ಅಲುಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಪರದೆಯ ಹತ್ತಿರ ಬಾಗಿದಳು.

"ಇರ್ಲಿ ಬಿಡ್ರಿ," ಎಂದಳು ಗಂಡನಿಗೆ. "ಆಡು ಹೋದ್ರ ಹೋಗ್ಲಿ."