ಬುರುಜಿನ ಅಡ್ಡಗಲ್ಲು

ಹೇಳಿಬಿಡಲೇ? ಹೇಳಿದರೆ ಅಪ್ಪನ ಹರಕೆಗೇ ಕೈಹಾಕಿದಂತೆ. ಹೇಳದಿದ್ದರೆ ಸೋಮವಾರ ಈ ಬಾಗಿಲ ನೆತ್ತಿಗೆ ಕಲ್ಲಿನ ಬದಲು ಕಾಂಕ್ರೀಟು ಬೀಳುತ್ತದೆ.

ಯಕೂಮಿಸ್ ಹಳೆಯ ಬುರುಜಿನ ಸುತ್ತ ಮೂರನೆಯ ಸಲ ನಡೆದು ಬಂದ. ಬಾಗಿಲು ಮರದ ಆಸರೆಗಂಬಗಳ ಮೇಲೆ ನಿಂತಿತ್ತು. ಅದರ ನೆತ್ತಿಯ ಅಡ್ಡಗಲ್ಲು ಎಲ್ಲಿದೆಯೆಂದು ಅವನಿಗೆ ಗೊತ್ತು: ಇಳಿಜಾರಿನ ಕೆಳಗೆ, ಅವರ ಮನೆತನದ ಪುಟ್ಟ ಚರ್ಚಿನಲ್ಲಿ, ಬಲಿಪೀಠವಾಗಿ. ಮೂವತ್ತು ವರ್ಷದ ಹಿಂದೆ, ಹಡಗು ಮುಳುಗಿಯೂ ಬದುಕಿ ಆಂಡ್ರೋಸ್ ದ್ವೀಪಕ್ಕೆ ಮರಳಿದ ಅಪ್ಪ ಜಾನಿಸ್ ಹರಕೆ ತೀರಿಸಲು ಆ ಚರ್ಚನ್ನು ತಾನೇ ಕಟ್ಟಿದ್ದ. ಕಲ್ಲನ್ನು ರಾತ್ರೋರಾತ್ರಿ ಹೇಸರಗತ್ತೆಗಳಿಂದ ಎಳೆಸಿ ತಂದಿದ್ದ. ವರ್ಷಕ್ಕೊಮ್ಮೆ, ಸಂತನ ಹಬ್ಬದ ಮುನ್ನಾದಿನ ಹೊದಿಕೆ ಬದಲಿಸುವಾಗ ಮಾತ್ರ ಆ ಕಲ್ಲು ಬರಿಮೈಯಾಗುತ್ತದೆ. ಆಗಲೇ ಒಮ್ಮೆ, ಹಿಂದೆ ಬಾಗಿಲ ಗೂಟ ತಿರುಗುತ್ತಿದ್ದ ಕಲ್ಲಿನ ಕುಳಿಯೊಳಗೆ ಯಕೂಮಿಸ್ ಬೆರಳಿಟ್ಟು ನೋಡಿದ್ದ.

"ಕಣದ ಹೇಸರಗತ್ತೆ ಥರ ಯಾಕೋ ಸುತ್ತು ಹಾಕ್ತೀಯ?" ನೆರಳಲ್ಲಿ ಕೂತಿದ್ದ ಜಾನಿಸ್ ಗದರಿದ. "ತಲೆ ಸುತ್ತಿ ಬಿದ್ದರೆ ಹೊತ್ಕೊಂಡು ಇಳಿಯೋಕೆ ನನ್ನ ಕೈಲಾಗಲ್ಲ."

ಪುರಾತತ್ವ ಇಲಾಖೆಯ ಕಲ್ಲಿಯೋಪಿ ಅಳತೆಪಟ್ಟಿ ಮಡಚಿದಳು. "ಜಾನಿಸ್ ಮಾಮ, ಈ ಬಾಗಿಲಿನ ಅಡ್ಡಗಲ್ಲು ಎಲ್ಲಾದ್ರೂ ನೋಡಿದ್ದೀರಾ? ಹಳೇ ವಿಷಯ ಏನಿದ್ರೂ ಊರಲ್ಲೆಲ್ಲ ನಿಮ್ಮನ್ನೇ ಕೇಳಿ ಅಂತಾರೆ."

"ನಂಗೇನು ಗೊತ್ತು ಮಗಳೇ? ಕಡಲ್ಗಳ್ಳರು ಹೊತ್ಕೊಂಡು ಹೋಗಿರ್ಬೇಕು. ಪಾಪ, ಅವರಿಗೂ ಒಂದು ಬಾಗಿಲು ಬೇಕಿತ್ತೇನೋ."

ಅವಳು ನಕ್ಕಳು. ಅಪ್ಪ ನಗಲಿಲ್ಲ, ಅಂಜೂರ ಕೀಳುತ್ತೇನೆಂದು ಕೋಲೂರಿಕೊಂಡು ಗೋಡೆಯಾಚೆ ಹೋದ.

ಗಾಳಿ ಬೀಸುತ್ತಲೇ ಇತ್ತು. ಆಸರೆಗಂಬವೊಂದು ಕಿರ್ರೆಂದಿತು.

"ನಮ್ಮ ಚರ್ಚಲ್ಲಿದೆ," ಎಂದ ಯಕೂಮಿಸ್. "ಬಲಿಪೀಠದ ಹೊದಿಕೆ ಕೆಳಗೆ."

ಕಲ್ಲಿಯೋಪಿ ಇಳಿಜಾರಿನ ಕೆಳಗಿನ ಚರ್ಚಿನ ಕಡೆ ನೋಡಿದಳು. ಆಮೇಲೆ, "ಸೋಮವಾರದ ಕೆಲಸ ನಿಲ್ಲಿಸ್ತೀನಿ. ಬಿಷಪ್ಪರಿಗೆ ಕಾಗದ ಬರೀತೀನಿ, ಪೀಠಕ್ಕೆ ಬೇರೆ ಕಲ್ಲು ಕೊಡಿಸ್ತೀವಿ. ನಿಮ್ಮ ತಂದೆಗೆ ನೀವೇ ಹೇಳ್ತೀರಾ?" ಎಂದಳು.

"ಹೂಂ."

ಅಪ್ಪ ಟೋಪಿ ತುಂಬ ಅಂಜೂರ ತಂದ. ಚೆನ್ನಾಗಿ ಹಣ್ಣಾದದ್ದನ್ನು ಆರಿಸಿ ಅವಳಿಗೇ ಕೊಟ್ಟ. ಇಳಿಯುವಾಗ ಮಗನ ಹೆಗಲು ಹಿಡಿದು, "ಬಾಯಿ ಬಿಡಲಿಲ್ಲವಲ್ಲ, ನನ್ನ ಮಗನೇ ಕಣೋ ನೀನು," ಎಂದ. ಹೆಜ್ಜೆ ತಪ್ಪದಿರಲೆಂದು ಯಕೂಮಿಸ್ ನೆಲವನ್ನೇ ನೋಡುತ್ತ ನಡೆದ.

ಅಕ್ಟೋಬರಿನಲ್ಲಿ ಕಲ್ಲನ್ನು ಎತ್ತಿಕೊಂಡು ಹೋದರು. ಹೊದಿಕೆಯ ಕೆಳಗೆ ನೋಡಿದ್ದವರು ಮೂವರೇ: ಅಪ್ಪ, ಮಗ, ಪಾದ್ರಿ. ಪಾದ್ರಿಯೇ ಹೇಳಿರಬೇಕೆಂದು ಅಪ್ಪ ಅವನ ಕೈಯಿಂದ ಪವಿತ್ರ ರೊಟ್ಟಿ ತೆಗೆದುಕೊಳ್ಳುವುದನ್ನೇ ಬಿಟ್ಟ, ಸಾಯುವವರೆಗೂ. ಕಲ್ಲಿನ ಸುದ್ದಿ ಕೊಟ್ಟವನು ತಾನು ಎಂದು ಯಕೂಮಿಸ್ ಅವನಿಗೆ ಹೇಳಲಿಲ್ಲ.